ಹಿಂದಿನ ಸೀಟಿನ ಪುಣ್ಯ: 1964ರ ಟೂರ್ ಡಿ ಫ್ರಾನ್ಸ್‌ನಲ್ಲಿ ಫೋರ್ಡ್ ಮಸ್ಟಾಂಗ್

1964ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನೀಸ್ ಪಟ್ಟಣಕ್ಕೆ, ಟೂರ್ ಡಿ ಫ್ರಾನ್ಸ್ ಎಂಬ ಕಾರ್ ಪಂದ್ಯದಲ್ಲಿ ಹತ್ತು ದಿನ ಓಡಿ ದಣಿದ ಕಾರುಗಳು ಬಂದು ನಿಂತವು. ಟೂರಿಂಗ್ ಕಾರುಗಳ, ಅಂದರೆ ಹಿಂದೆಯೂ ಜನ ಕೂರುವ ಸಂಸಾರಿ ಕಾರುಗಳ ವಿಭಾಗದಲ್ಲಿ ಮೊದಲ ಸ್ಥಾನ ಫೋರ್ಡ್ ಮಸ್ಟಾಂಗ್‌ಗೆ. ಎರಡನೆಯದೂ ಮಸ್ಟಾಂಗ್‌ಗೇ. ಆ ಕಾರು ಅಂಗಡಿಗೆ ಬಂದು ಆಗ ಬರೀ ಐದು ತಿಂಗಳಾಗಿತ್ತು.

ಅದೇ ಪಂದ್ಯದ ಜಿಟಿ ವಿಭಾಗದಲ್ಲಿ, ಅಂದರೆ ಕಡಿಮೆ ಸಂಖ್ಯೆಯಲ್ಲಿ ತಯಾರಾದ ವೇಗದ ಕಾರುಗಳ ವಿಭಾಗದಲ್ಲಿ, ಅಮೆರಿಕದ ರೇಸ್ ಕಾರು ತಯಾರಕ ಕ್ಯಾರೊಲ್ ಶೆಲ್ಬಿಯ ಕೋಬ್ರಾ ಡೇಟೋನಾ ಕೂಪೆಗಳೂ ಓಡಿದ್ದವು. ರೇಸಿಗೆಂದೇ ಹುಟ್ಟಿದ ಕಾರುಗಳು ಅವು. ಆ ವರ್ಷದ ಜೂನ್‌ನಲ್ಲಷ್ಟೇ ಅಂಥದ್ದೊಂದು ಕಾರು ಲ ಮಾನ್ 24 ಗಂಟೆಯ ರೇಸಿನಲ್ಲಿ ಜಿಟಿ ವರ್ಗ ಗೆದ್ದು, ಒಟ್ಟಾರೆ ನಾಲ್ಕನೆಯದಾಗಿ ಬಂದಿತ್ತು. ಟೂರ್‌ನಲ್ಲಿ ಮಾತ್ರ ಅವುಗಳಲ್ಲಿ ಒಂದೂ ಕೊನೆ ಮುಟ್ಟಲಿಲ್ಲ. ತಮಾಷೆ ಎಂದರೆ, ಗೆದ್ದ ಮಸ್ಟಾಂಗ್‌ನಲ್ಲೂ ನಿಂತುಹೋದ ಡೇಟೋನಾದಲ್ಲೂ ಇದ್ದದ್ದು ಒಂದೇ ಕುಟುಂಬದ ಎಂಜಿನ್, ಫೋರ್ಡಿನ ಎಂಟು ಸಿಲಿಂಡರಿನ 4.7 ಲೀಟರ್ ವಿ8.

"ಅಮೆರಿಕದ ಕಾರು ಅಲ್ವಾ, ದೊಡ್ಡ ಎಂಜಿನ್ನು, ಗೆದ್ದಿರುತ್ತೆ ಬಿಡಿ" ಎಂದು ಮಾತು ಮುಗಿಸುವ ಹಾಗಿಲ್ಲ. ಎಂಟು ತಿಂಗಳ ಹಿಂದೆ ಅಷ್ಟೇ ದೊಡ್ಡ ಎಂಜಿನ್ನಿನ ಇನ್ನೊಂದು ಫೋರ್ಡ್, ಒಂದು ಪುಟಾಣಿ ಮಿನಿಯ ಎದುರು ಸೋತಿತ್ತು. ಈ ಪ್ರಕರಣದ ಗಂಟು ಬಿಚ್ಚಬೇಕಾದರೆ ಆ ಸೋಲಿನಿಂದಲೇ ಶುರು ಮಾಡಬೇಕು.

ಮಾಂಟೆ ಕಾರ್ಲೊದ ಲೆಕ್ಕ

1957ರಲ್ಲಿ ಅಮೆರಿಕದ ಕಾರು ತಯಾರಕರ ಸಂಘ ತನ್ನ ಸದಸ್ಯರು ರೇಸಿನಿಂದ ದೂರ ಇರಬೇಕು ಎಂದು ತೀರ್ಮಾನ ಮಾಡಿತ್ತು. 1962ರ ಜೂನ್‌ನಲ್ಲಿ ಎರಡನೇ ಹೆನ್ರಿ ಫೋರ್ಡ್ ಆ ಒಪ್ಪಂದದಿಂದ ಬಹಿರಂಗವಾಗಿ ಹೊರಬಂದರು. ಆಮೇಲೆ ಫೋರ್ಡ್ ಎಲ್ಲ ಕಡೆ ನುಗ್ಗಿತು. ಅದರಲ್ಲಿ ಯುರೋಪಿನ ರ‍್ಯಾಲಿಯೂ ಒಂದು.

ರ‍್ಯಾಲಿಗೆ ಕಳಿಸಿದ್ದು ಫಾಲ್ಕನ್ ಸ್ಪ್ರಿಂಟ್ ಕಾರನ್ನು. ಫಾಲ್ಕನ್ ಅಂದರೆ ಅಮೆರಿಕದ ಲೆಕ್ಕದಲ್ಲಿ ಸಣ್ಣ ಸಂಸಾರಿ ಕಾರು. ಯುರೋಪಿನ ಬೀದಿಯಲ್ಲಿ ನಿಲ್ಲಿಸಿದರೆ ಅದೇ ಆನೆ. 1963ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಸ್ವೀಡನ್ನಿನ ಬೋ ಯುಂಗ್‌ಫೆಲ್ಟ್ ಈ ಆನೆಯನ್ನು ಹಿಮದ ಬೆಟ್ಟದ ದಾರಿಯಲ್ಲಿ ಓಡಿಸಿ, ಸಮಯ ಎಣಿಸುವ ಎಲ್ಲ ವಿಶೇಷ ಹಂತಗಳಲ್ಲೂ ಎಲ್ಲರಿಗಿಂತ ಕಡಿಮೆ ಸಮಯ ತೆಗೆದುಕೊಂಡರು. ಆದರೂ ಬಂದ ಸ್ಥಾನ 43. ಕ್ಲಚ್ ಕೈಕೊಟ್ಟು ದಾರಿಯಲ್ಲಿ ತಡವಾಗಿತ್ತು. ತಡವಾದದ್ದಕ್ಕೆ ದಂಡದ ಅಂಕ ಬಿತ್ತು.

1964ರಲ್ಲಿ ಮತ್ತೆ ಬಂದರು. ಈ ಸಲ ಎಂಜಿನ್ 4.7 ಲೀಟರ್. ಕ್ಲಚ್ಚೂ ಮೋಸ ಮಾಡಲಿಲ್ಲ. ಯುಂಗ್‌ಫೆಲ್ಟ್ ಈ ಬಾರಿಯೂ ವೇಗದಲ್ಲಿ ಮುಂದೆ. ಆದರೆ ಗೆದ್ದದ್ದು ಪ್ಯಾಡಿ ಹಾಪ್‌ಕರ್ಕ್, 1,071 ಸಿಸಿಯ ಮಿನಿ ಕೂಪರ್ ಎಸ್ ಕಾರಿನಲ್ಲಿ. ಫಾಲ್ಕನ್ ಎರಡನೆಯದು.

ಕಾರಣ ಹ್ಯಾಂಡಿಕ್ಯಾಪ್. ಆಗಿನ ಮಾಂಟೆ ಕಾರ್ಲೊದಲ್ಲಿ ಗಡಿಯಾರ ತೋರಿಸಿದ ಸಮಯವೇ ಅಂತಿಮ ಅಲ್ಲ. ಎಂಜಿನ್ ಗಾತ್ರ ನೋಡಿ ಆ ಸಮಯವನ್ನು ಒಂದು ಅಂಕಿಯಿಂದ ಗುಣಿಸುತ್ತಿದ್ದರು. ದೊಡ್ಡ ಎಂಜಿನ್‌ಗೆ ದೊಡ್ಡ ಅಂಕಿ. ಅಂದರೆ ಫಾಲ್ಕನ್ ಮಿನಿಗಿಂತ ವೇಗವಾಗಿ ಹೋದರೆ ಸಾಲದು, ಎಷ್ಟೋ ಪಾಲು ಜಾಸ್ತಿ ವೇಗವಾಗಿ ಹೋಗಬೇಕು. ಹಿಮದ ಮೇಲೆ ಅದು ಎಲ್ಲಿ ಸಾಧ್ಯ? ಚಕ್ರ ಜಾರುವ ಕಡೆ ಅಷ್ಟು ಎಂಜಿನ್ ಇದ್ದೂ ಏನು ಪ್ರಯೋಜನ?

ಇದನ್ನು ಅನ್ಯಾಯ ಅಂತ ಅಮೆರಿಕದವರು ಗೊಣಗಿದ್ದರೆ ಆಶ್ಚರ್ಯವಿಲ್ಲ. ನನಗೇನೋ ಅದು ಅನ್ಯಾಯ ಅನ್ನಿಸುವುದಿಲ್ಲ. ಆ ನಿಯಮ ಇಲ್ಲದಿದ್ದರೆ ಸಣ್ಣ ಕಾರಿನವರು ಬರುವುದೇ ದಂಡ ಆಗುತ್ತಿತ್ತು. ಆದರೆ ಫೋರ್ಡಿನ ಮುಂದೆ ಈಗ ಸ್ಪಷ್ಟವಾದ ಪ್ರಶ್ನೆ ಇತ್ತು. ಕಾರನ್ನು ಇನ್ನಷ್ಟು ಬದಲಾಯಿಸುವುದೋ, ಅಥವಾ ಈ ಕಾರಿಗೆ ಒಗ್ಗುವ ಪಂದ್ಯಕ್ಕೆ ಹೋಗುವುದೋ?

ಹೊಸ ಅಂಗಿ, ಹಳೆ ಮೈ

1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಮಸ್ಟಾಂಗ್ ಬಿಡುಗಡೆಯಾಯಿತು. ಬೆಲೆ 2,368 ಡಾಲರಿನಿಂದ ಶುರು. ಮೊದಲ ದಿನವೇ 22,000 ಬುಕಿಂಗ್ ಆದವು. ಮೊದಲ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾದವು. ಉದ್ದ ಬಾನೆಟ್ಟು, ಗಿಡ್ಡ ಡಿಕ್ಕಿ, ಮುಂದಿನ ಜಾಲರಿಯಲ್ಲಿ ಓಡುವ ಕುದುರೆ. ನೋಡಲು ಸ್ಪೋರ್ಟ್ಸ್ ಕಾರು.

ಕೆಳಗೆ ಬಗ್ಗಿ ನೋಡಿದರೆ ಫಾಲ್ಕನ್. ತಳದ ರಚನೆ, ಸಸ್ಪೆನ್ಶನ್, ಆಕ್ಸಲ್ ಎಲ್ಲ ಬಹುಪಾಲು ಅಲ್ಲಿಂದಲೇ ಬಂದದ್ದು. ಬೆಲೆ ಅಷ್ಟು ಕಡಿಮೆ ಇರಲು ಕಾರಣವೂ ಅದೇ. ಸಾಮಾನ್ಯವಾಗಿ ಮಸ್ಟಾಂಗ್ ಬಗ್ಗೆ ಬರೆಯುವವರು ಇದನ್ನು ಒಂದು ಕೊರತೆ ಎಂಬ ಹಾಗೆ ಹೇಳುತ್ತಾರೆ. ಈ ಪ್ರಕರಣದಲ್ಲಿ ಅದೇ ದೊಡ್ಡ ವರ. ಫಾಲ್ಕನ್ ಎರಡು ಚಳಿಗಾಲ ಬೆಟ್ಟದಲ್ಲಿ ಬಡಿಸಿಕೊಂಡಿತ್ತು. 1963ರ ಟ್ಯುಲಿಪ್ ರ‍್ಯಾಲಿಯನ್ನು ಫ್ರಾನ್ಸಿನ ಆನ್ರಿ ಗ್ರೆಡೆರ್ ಕೈಯಲ್ಲಿ ಗೆದ್ದೂ ಇತ್ತು. ಎಲ್ಲಿ ಮುರಿಯುತ್ತದೆ, ಎಲ್ಲಿ ಬಿಸಿಯಾಗುತ್ತದೆ, ಯಾವ ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕು ಎನ್ನುವ ಪಾಠವೆಲ್ಲ ಆಗಿಹೋಗಿತ್ತು. ಮಸ್ಟಾಂಗ್‌ಗೆ ಅದು ಪುಕ್ಕಟೆ ಸಿಕ್ಕಿತು. ಐದು ತಿಂಗಳ ಹಸುಳೆ ಎಂದೆನಲ್ಲ, ಅದು ಹೊರಗಿನ ತಗಡಿನ ವಯಸ್ಸು. ಒಳಗಿನ ಅನುಭವಕ್ಕೆ ಆಗಲೇ ಒಂದೂವರೆ ವರ್ಷ ದಾಟಿತ್ತು.

ಮೊದಲ ಮಸ್ಟಾಂಗ್‌ಗಳಿಗೆ ರೇಸಿಗೆ ಬೇಕಾದ ಎಂಜಿನ್ ಇರಲಿಲ್ಲ. ಕಡಿಮೆ ಬೆಲೆಯದರಲ್ಲಿ ಇದ್ದದ್ದು ಆರು ಸಿಲಿಂಡರಿನ ಸಾಧು ಎಂಜಿನ್. ಜೂನ್ ಹೊತ್ತಿಗೆ ಕೆ-ಕೋಡ್ ಎಂದು ಕರೆಯುವ ವಿ8 ಬಂತು. ಅಮೆರಿಕದ ಅಳತೆಯಲ್ಲಿ 289 ಘನ ಇಂಚು, ನಮ್ಮ ಅಳತೆಯಲ್ಲಿ 4.7 ಲೀಟರ್. ಅದರ ಶಕ್ತಿ 271 ಎಚ್‌ಪಿ, ಅದೂ 6,000 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಈ 6,000 ಎನ್ನುವುದು ಮುಖ್ಯ. ಸಾಮಾನ್ಯ ಅಮೆರಿಕನ್ ವಿ8 ಎಂಜಿನ್ನಿನಲ್ಲಿ ವಾಲ್ವ್ ಎತ್ತುವ ಲಿಫ್ಟರ್ ಒಳಗೆ ಆಯಿಲ್ ತುಂಬಿರುತ್ತದೆ. ಸದ್ದು ಕಡಿಮೆ, ಆಗಾಗ ಅಡ್ಜಸ್ಟ್ ಮಾಡುವ ರಗಳೆಯೂ ಇಲ್ಲ. ಆದರೆ ಎಂಜಿನ್ ಜೋರಾಗಿ ತಿರುಗಿದಾಗ ಅದು ವಾಲ್ವನ್ನು ಸರಿಯಾಗಿ ಮುಚ್ಚಲು ಬಿಡುವುದಿಲ್ಲ. ಕೆ-ಕೋಡ್‌ನಲ್ಲಿ ಗಟ್ಟಿ ಲೋಹದ ಲಿಫ್ಟರ್ ಹಾಕಿದರು. ಟಕಟಕ ಸದ್ದು ಜಾಸ್ತಿ, ಆದರೆ ಮೇಲಿನ ಆರ್‌ಪಿಎಂನಲ್ಲಿ ಹೆದರದೆ ಕೆಲಸ ಮಾಡುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಎಳೆಯುವ ಬಲ ಹೇಗೂ ಇದ್ದೇ ಇತ್ತು.

ಕೊರತೆಗಳೂ ಸಾಕಷ್ಟಿದ್ದವು. ಹಿಂದೆ ಲೀಫ್ ಸ್ಪ್ರಿಂಗ್, ನಮ್ಮ ಲಾರಿಗಳ ಹಿಂದೆ ಇರುತ್ತಲ್ಲ, ಅದೇ ಪಟ್ಟಿಗಳು. ಆ ಪಟ್ಟಿಗೆ ಕಟ್ಟಿದ ಇಡೀ ಆಕ್ಸಲ್. ಒಂದು ಚಕ್ರ ಹಳ್ಳಕ್ಕೆ ಬಿದ್ದರೆ ಇನ್ನೊಂದಕ್ಕೂ ಸುದ್ದಿ ಹೋಗುತ್ತದೆ. ಭಾರವೆಲ್ಲ ಮೂಗಿನ ಮೇಲೆ. ಸ್ಟೇರಿಂಗ್ ತುಂಬ ಸುತ್ತು ತಿರುಗಿಸಬೇಕು. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಮಸ್ಟಾಂಗ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎದುರಾಳಿ ಜಾಗ್ವಾರ್ ಮಾರ್ಕ್ 2 ಕಾರಿಗೆ ನಾಲ್ಕೂ ಕಡೆ ಡಿಸ್ಕ್.

ಡಾಂಬರಿನ ಹತ್ತು ದಿನ

ಟೂರ್ ಡಿ ಫ್ರಾನ್ಸ್ ಅಂದ ಕೂಡಲೇ ಎಲ್ಲರಿಗೂ ಸೈಕಲ್ ನೆನಪಾಗುತ್ತದೆ. ಕಾರಿನ ಟೂರ್ ಅದಕ್ಕಿಂತ ಹಳೆಯದು. ಮೊದಲ ಕಾರ್ ಟೂರ್ ನಡೆದದ್ದು 1899ರಲ್ಲಿ, ಸೈಕಲ್ಲಿನದು 1903ರಲ್ಲಿ. ಮಹಾಯುದ್ಧದ ನಂತರ 1951ರಲ್ಲಿ ನೀಸ್‌ನ ಆಟೊಮೊಬೈಲ್ ಕ್ಲಬ್ ಇದಕ್ಕೆ ಮತ್ತೆ ಜೀವ ಕೊಟ್ಟಿತು.

ರ‍್ಯಾಲಿ ಎಂದರೆ ನಮಗೆ ಕಣ್ಣ ಮುಂದೆ ಬರುವುದು ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿ, ಕೆಂಪು ದೂಳು, ಅಡ್ಡಡ್ಡ ಜಾರುವ ಕಾರು. ಇದು ಆ ಜಾತಿಯದಲ್ಲ. ಇಲ್ಲಿ ಪೂರ್ತಿ ಡಾಂಬರು. ಹತ್ತು ದಿನ, ಸುಮಾರು 6,000 ಕಿ.ಮೀ. ನಡುನಡುವೆ ಎರಡು ಬಗೆಯ ಪರೀಕ್ಷೆ. ಒಂದು, ರೀಮ್ಸ್, ರೂಆಂ, ಲ ಮಾನ್ ಅಂಥ ಸರ್ಕ್ಯೂಟ್‌ಗಳಲ್ಲಿ ನೇರ ರೇಸ್. ಇನ್ನೊಂದು, ಬೆಟ್ಟದ ರಸ್ತೆ ಮುಚ್ಚಿ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಎಣಿಸುವ ಏರು ಓಟ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ವಾಹನವೇ ಇಲ್ಲದ ರಸ್ತೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಿದ ಹಾಗೆ, ಅಂಥದ್ದು ದಿನ ಬಿಟ್ಟು ದಿನ ಎಂದುಕೊಳ್ಳಿ. ಇವೆರಡರ ನಡುವೆ ಸಾಮಾನ್ಯ ರಸ್ತೆಯಲ್ಲಿ, ಲಾರಿ ಎತ್ತಿನಗಾಡಿಗಳ ಜೊತೆಗೇ, ಹಗಲು ರಾತ್ರಿ ಓಡಿಸಿಕೊಂಡು ಹೋಗಬೇಕು. ಅದೇ ಕಾರು, ಅದೇ ಇಬ್ಬರು.

ಈಗ ಮಾಂಟೆ ಕಾರ್ಲೊದ ಪಕ್ಕ ಇಟ್ಟು ನೋಡಿ. ಟೂರ್‌ನಲ್ಲೂ ಹ್ಯಾಂಡಿಕ್ಯಾಪ್ ಪಟ್ಟಿ ಇತ್ತು, ಆದರೆ ಅದು ಬೇರೆ. ಎಂಜಿನ್ ಗಾತ್ರ ನೋಡದೆ ಲೆಕ್ಕ ಹಾಕುವ ನೇರ ಪಟ್ಟಿ ಬೇರೆ. 1963ರ ಟೂರ್‌ನಲ್ಲಿ ಹಾಪ್‌ಕರ್ಕ್ ಅವರ ಮಿನಿ ಹ್ಯಾಂಡಿಕ್ಯಾಪ್‌ನಲ್ಲಿ ಮೊದಲು, ನೇರ ಪಟ್ಟಿಯಲ್ಲಿ ಮೂರನೆಯದು. ನೇರ ಪಟ್ಟಿಯ ಮೇಲಿನ ಜಾಗ ಜಾಗ್ವಾರ್‌ದು. ಫ್ರಾನ್ಸಿನ ಬರ್ನಾರ್ಡ್ ಕಾನ್‌ಸ್ಟೆನ್ 1960ರಿಂದ 1963ರವರೆಗೆ ಸತತ ನಾಲ್ಕು ವರ್ಷ ಜಾಗ್ವಾರ್‌ನಲ್ಲಿ ಟೂರಿಂಗ್ ವಿಭಾಗ ಗೆದ್ದಿದ್ದರು. ಜಾಗ್ವಾರ್‌ನ ಎಂಜಿನ್ 3.8 ಲೀಟರ್. ಅಂದರೆ ದೊಡ್ಡ ಎಂಜಿನ್ ಇಟ್ಟುಕೊಂಡವನಿಗೆ ಇಲ್ಲಿ ಜಾಗ ಇದೆ ಎನ್ನುವುದಕ್ಕೆ ನಾಲ್ಕು ವರ್ಷದ ಸಾಕ್ಷಿ ಎದುರಿಗೇ ಇತ್ತು.

ಕೊರತೆಗಳ ಲೆಕ್ಕವೂ ಬದಲಾಗುತ್ತದೆ, ನೋಡಿ. ಏರು ಓಟದಲ್ಲಿ ಬೆಟ್ಟವೇ ಅರ್ಧ ಬ್ರೇಕು ಹಾಕುತ್ತದೆ. ತಿರುವಿನಿಂದ ಆಚೆ ಬಂದ ಮೇಲೆ ಕಾರನ್ನು ಮತ್ತೆ ಮೇಲಕ್ಕೆ ಎಳೆಯುವ ಬಲ ಬೇಕು. ವಿ8ಗೆ ಅದು ನೀರು ಕುಡಿದಷ್ಟು ಸುಲಭ. ರೀಮ್ಸ್ ಮತ್ತು ಲ ಮಾನ್‌ನಲ್ಲಿ ಉದ್ದುದ್ದ ನೇರ ರಸ್ತೆಗಳು. ಅಲ್ಲಿ ಎಚ್‌ಪಿಯೇ ಮಾತಾಡುತ್ತದೆ. ಲೀಫ್ ಸ್ಪ್ರಿಂಗ್ ನಯವಾದ ಡಾಂಬರಿನ ಮೇಲೆ ಅಷ್ಟೇನೂ ಕಾಟ ಕೊಡುವುದಿಲ್ಲ. ಸರ್ಕ್ಯೂಟಿನ ರೇಸುಗಳೂ 24 ಗಂಟೆಯವಲ್ಲ. ಮಸ್ಟಾಂಗ್‌ನ ಒಳ್ಳೆಯದೆಲ್ಲ ಲೆಕ್ಕಕ್ಕೆ ಬಂದು, ಕೆಟ್ಟದ್ದರಲ್ಲಿ ಹೆಚ್ಚಿನದು ಮರೆಯಾಗುವ ಪಂದ್ಯ ಇದು. ಮಾಂಟೆ ಕಾರ್ಲೊದಲ್ಲಿ ಇದೇ ತಳದ ಕಾರಿಗೆ ಆಗಿದ್ದು ಇದರ ಉಲ್ಟಾ.

ಸೀಟಿನ ವಿಷಯ

ಟೂರ್‌ನಲ್ಲಿ ಟೂರಿಂಗ್ ಮತ್ತು ಜಿಟಿ ಎಂದು ಎರಡು ಮನೆ. ಆಗಿನ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಟೂರಿಂಗ್ ಕಾರು ಎನ್ನಿಸಿಕೊಳ್ಳಲು ವರ್ಷಕ್ಕೆ 1,000 ಕಾರು ತಯಾರಾಗಿರಬೇಕು, ಹಿಂದೆಯೂ ಜನ ಕೂರುವಂತಿರಬೇಕು. ಜಿಟಿಗೆ 100 ಸಾಕು. ಮಸ್ಟಾಂಗ್‌ಗೆ 1,000 ಎಂಬುದು ಒಂದೇ ದಿನದ ಲೆಕ್ಕ. ಇನ್ನು ಹಿಂದಿನ ಸೀಟು. ದೊಡ್ಡವರು ಅಲ್ಲಿ ಕೂತರೆ ಮಂಡಿ ಗದ್ದಕ್ಕೆ ತಾಗುತ್ತದೆ. ಆದರೂ ಅದು ಸೀಟೇ. ಅದಿದ್ದದ್ದರಿಂದ ಈ ಕಾರು ಕುಟುಂಬಸ್ಥರ ಮನೆಗೆ ಸೇರಿತು.

ಜಿಟಿ ಮನೆಯಲ್ಲಿ ಯಾರಿದ್ದರು? ಫೆರಾರಿ 250 ಜಿಟಿಒ. ಆ ಕಾರನ್ನು ತಯಾರಿಸಿದ್ದು 40ಕ್ಕಿಂತಲೂ ಕಡಿಮೆ. ಹಳೆಯ ಮಾದರಿಯ ಮುಂದುವರಿಕೆ ಎಂದು ಹೇಳಿ ನಿಯಮದ ಸಂದಿಯಲ್ಲಿ ನುಸುಳಿತ್ತು. ಡೇಟೋನಾ ಕೂಪೆಯೂ ಅಂಥದ್ದೇ ದಾರಿ ಹಿಡಿದಿತ್ತು. ಒಟ್ಟು ಕಟ್ಟಿದ್ದೇ ಆರು. ಅಲ್ಲಿ ಪಂದ್ಯ ರೇಸಿಂಗ್ ಕಾರಿಗೂ ರೇಸಿಂಗ್ ಕಾರಿಗೂ. ಮಸ್ಟಾಂಗ್‌ಗೆ ಹಿಂದಿನ ಸೀಟು ಇಲ್ಲದೇ ಹೋಗಿದ್ದರೆ ಅದು ಆ ತೋಳಗಳ ಮಧ್ಯೆ ಬೀಳುತ್ತಿತ್ತು. ಫೋರ್ಡಿನ ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಬಿಡಿಭಾಗ ಈ ಸೀಟೇ.

ಜನ

ಕಾರುಗಳನ್ನು ಸಿದ್ಧ ಮಾಡಿ ಓಡಿಸಿದ್ದು ಇಂಗ್ಲೆಂಡಿನ ಆಲನ್ ಮ್ಯಾನ್ ರೇಸಿಂಗ್ ತಂಡ. ಮಾಂಟೆ ಕಾರ್ಲೊದ ಫಾಲ್ಕನ್‌ಗಳ ಹಿಂದೆಯೂ ಇವರ ಕೈ ಇತ್ತು. ಡೆಟ್ರಾಯ್ಟಿನಿಂದ ಮೆಕ್ಯಾನಿಕ್‌ಗಳನ್ನು ಕರೆಸುವ ಬದಲು ಯುರೋಪಿನ ರಸ್ತೆ ಗೊತ್ತಿದ್ದವರಿಗೆ ಕೆಲಸ ವಹಿಸಿದ್ದು ಜಾಣತನ.

ಓಡಿಸಿದವರೂ ಅಮೆರಿಕದವರಲ್ಲ. ಗೆದ್ದ ಕಾರಿನಲ್ಲಿ ಇಂಗ್ಲೆಂಡಿನ ಪೀಟರ್ ಪ್ರಾಕ್ಟರ್ ಮತ್ತು ಸ್ಕಾಟ್ಲೆಂಡಿನ ಆಂಡ್ರ್ಯೂ ಕೋವನ್. ಎರಡನೆಯದರಲ್ಲಿ ಪೀಟರ್ ಹಾರ್ಪರ್ ಮತ್ತು ಡೇವಿಡ್ ಪೊಲಾರ್ಡ್. ಪ್ರಾಕ್ಟರ್, ಹಾರ್ಪರ್, ಕೋವನ್ ಮೂವರೂ ಸನ್‌ಬೀಮ್ ಥರದ ಮಧ್ಯಮ ಗಾತ್ರದ ಬ್ರಿಟಿಷ್ ಕಾರಿನಲ್ಲಿ ಪಳಗಿದವರು. ಶಕ್ತಿ ಕಡಿಮೆ ಇರುವ ಕಾರಿನಲ್ಲಿ ರ‍್ಯಾಲಿ ಕಲಿತವರು ಕಾರನ್ನು ಸುಮ್ನೆ ಹೊಡೆದು ಹಾಳು ಮಾಡುವುದಿಲ್ಲ. ಹತ್ತು ದಿನದ ಪಂದ್ಯಕ್ಕೆ ಅಂಥವರೇ ಬೇಕು. ಕೋವನ್ ಮೂಲತಃ ಕೃಷಿಕರ ಮನೆಯವರು. ಪ್ರಾಕ್ಟರ್ ಕಾರಿಗೆ ಬರುವ ಮೊದಲು ಸೈಕಲ್ ರೇಸಿನವರು. ಸೈಕಲ್ ಬಿಟ್ಟು ಬಂದವರು ಟೂರ್ ಡಿ ಫ್ರಾನ್ಸ್ ಗೆದ್ದರು! ಇದು ಕಥೆಗಾರ ಕಟ್ಟಿದ್ದಾದರೆ ನಾವು ನಂಬುತ್ತಿರಲಿಲ್ಲ.

ಅದೃಷ್ಟದ ಪಾಲು ಎಷ್ಟು?

ಟೂರ್‌ನಂಥ ಪಂದ್ಯದಲ್ಲಿ ಕೊನೆ ಮುಟ್ಟುವುದೇ ಅರ್ಧ ಗೆಲುವು. ಎದುರಾಳಿಗಳು ಒಬ್ಬೊಬ್ಬರಾಗಿ ಉದುರುತ್ತಾರೆ. ಹಾಗಾದರೆ ಉಳಿದುಕೊಂಡದ್ದಕ್ಕೇ ಮಸ್ಟಾಂಗ್ ಗೆದ್ದಿತು ಎನ್ನಬಹುದಾ?

ಒಂದೇ ಕಾರು ಮೊದಲು ಬಂದಿದ್ದರೆ ಆ ಮಾತನ್ನು ನಾನು ಒಪ್ಪುತ್ತಿದ್ದೆ. ಒಂದೇ ತಂಡದ ಎರಡು ಕಾರು ಮೊದಲೆರಡು ಸ್ಥಾನದಲ್ಲಿ ಬಂದಾಗ ಅದೃಷ್ಟದ ಪಾಲು ಕಡಿಮೆಯಾಗುತ್ತದೆ. ಡೇಟೋನಾಗಳ ಕಥೆಯೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಎಂಜಿನ್ ಕುಟುಂಬ ಒಂದೇ ಎಂದೆನಲ್ಲ. ಡೇಟೋನಾದಲ್ಲಿ ಅದನ್ನು ಕೊನೆಯ ಹನಿ ಶಕ್ತಿಗೂ ಹಿಂಡಲಾಗಿತ್ತು. ಫೆರಾರಿಯನ್ನು ಹಿಡಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ಆ ವರ್ಷದ ಜಿಟಿ ವಿಶ್ವ ಪಟ್ಟಕ್ಕೆ ಶೆಲ್ಬಿಗೂ ಫೆರಾರಿಗೂ ನೇರ ಜಟಾಪಟಿ. ಮಸ್ಟಾಂಗ್‌ನವರಿಗೆ ಆ ಒತ್ತಡ ಇರಲಿಲ್ಲ. ಜಾಗ್ವಾರ್‌ಗಿಂತ ಸುಮಾರು ಒಂದು ಲೀಟರ್ ದೊಡ್ಡ ಎಂಜಿನ್ ಕೈಯಲ್ಲಿತ್ತು. ಹಾಗಾಗಿ ಅದನ್ನು ಕೊನೆಯ ಉಸಿರಿನವರೆಗೆ ಓಡಿಸುವ ಅಗತ್ಯ ಬೀಳಲಿಲ್ಲ. ಬರೀ ವೇಗ ಲೆಕ್ಕ ಹಾಕಿದರೆ ಡೇಟೋನಾದ ಮುಂದೆ ಮಸ್ಟಾಂಗ್ ಏನೂ ಅಲ್ಲ. ಆದರೆ ಯಾರ ಜೊತೆ, ಯಾವ ನಿಯಮದಲ್ಲಿ, ಎಷ್ಟು ದಿನ ಎನ್ನುವುದು ಕಾರಿನಷ್ಟೇ ಮುಖ್ಯ. ಫೋರ್ಡ್ ಈ ಪಂದ್ಯವನ್ನು ಅರ್ಧ ಗೆದ್ದದ್ದು ಪ್ರವೇಶದ ಅರ್ಜಿ ತುಂಬುವಾಗಲೇ ಎಂದು ನನಗನ್ನಿಸುತ್ತದೆ.

ಜಿಟಿ ವಿಭಾಗವನ್ನು ಲೂಸಿಯನ್ ಬಿಯಾಂಕಿ ಮತ್ತು ಜಾರ್ಜ್ ಬೆರ್ಜೆ ಅವರ ಫೆರಾರಿ 250 ಜಿಟಿಒ ಗೆದ್ದಿತು. ಅದೇ ಕಾರು 2018ರಲ್ಲಿ ಸುಮಾರು 7 ಕೋಟಿ ಡಾಲರಿಗೆ ಕೈ ಬದಲಾಯಿಸಿತು ಎಂದು ವರದಿಯಾಗಿತ್ತು. ಆ ದುಡ್ಡನ್ನು ರೂಪಾಯಿಗೆ ಬದಲಾಯಿಸಿ ನೋಡುವ ಧೈರ್ಯ ನನಗಿಲ್ಲ.

ಆಮೇಲೆ

ಪಟ್ಟ ಉಳಿಸಿಕೊಳ್ಳುವ ಅವಕಾಶ ಮಸ್ಟಾಂಗ್‌ಗೆ ಸಿಗಲೇ ಇಲ್ಲ. 1965ರಲ್ಲಿ ಟೂರ್ ನಡೆಯಲಿಲ್ಲ. ಮತ್ತೆ ಶುರುವಾದದ್ದು 1969ರಲ್ಲಿ. ಆಗ ಗೆದ್ದದ್ದು ಜೆರಾರ್ ಲಾರೂಸ್ ಓಡಿಸಿದ ಪೋರ್ಷೆ 911.

ಅಮೆರಿಕದಲ್ಲಿ ಕಥೆ ಬೇರೆ ತಿರುವು ತೆಗೆದುಕೊಂಡಿತು. 1965ರ ಜನವರಿಯಲ್ಲಿ ಶೆಲ್ಬಿ ತನ್ನ ಕೈಚಳಕದ ಮಸ್ಟಾಂಗ್ ಜಿಟಿ350 ಹೊರತಂದರು. ಅಲ್ಲಿನ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ರೇಸಿಗೆ ಅದು ಸ್ಪೋರ್ಟ್ಸ್ ಕಾರು ಎನ್ನಿಸಿಕೊಳ್ಳಬೇಕಿತ್ತು. ಹಾಗೆನ್ನಿಸಿಕೊಳ್ಳಲು ಸೀಟು ಎರಡೇ ಇರಬೇಕು. ಏನು ಮಾಡಿದರು ಗೊತ್ತಾ? ಹಿಂದಿನ ಸೀಟು ಕಿತ್ತು ಆ ಜಾಗದಲ್ಲಿ ಸ್ಟೆಪ್ನಿ ಇಟ್ಟರು. ಫ್ರಾನ್ಸಿನಲ್ಲಿ ಯಾವ ಸೀಟು ಗೆಲ್ಲಿಸಿತ್ತೋ, ನಾಲ್ಕೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದೇ ಸೀಟು ಹೊರಗೆ ಬಿತ್ತು. ಕಾರಣ ಮಾತ್ರ ಒಂದೇ, ನಿಯಮದ ಪುಸ್ತಕ.

ಪ್ರಾಕ್ಟರ್ 1966ರಲ್ಲಿ ಗುಡ್‌ವುಡ್ ಸರ್ಕ್ಯೂಟಿನಲ್ಲಿ ಬೆಂಕಿ ಅಪಘಾತಕ್ಕೆ ಸಿಕ್ಕಿ ತೀವ್ರವಾಗಿ ಸುಟ್ಟುಕೊಂಡರು. ಅಲ್ಲಿಗೆ ಅವರ ರೇಸಿಂಗ್ ನಿಂತಿತು.

ಕೋವನ್ ದಾರಿ ನಮ್ಮ ದೇಶಕ್ಕೂ ಬಂತು. 1968ರ ಲಂಡನ್–ಸಿಡ್ನಿ ಮ್ಯಾರಥಾನ್‌ನಲ್ಲಿ ಕಾರುಗಳು ಲಂಡನ್ನಿನಿಂದ ಬಾಂಬೆಯವರೆಗೆ ರಸ್ತೆಯಲ್ಲೇ ಬಂದು, ಅಲ್ಲಿಂದ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವು. ಕೋವನ್ ಹಿಲ್‌ಮನ್ ಹಂಟರ್ ಎಂಬ ಸಾದಾ ಕಾರಿನಲ್ಲಿದ್ದರು. ಆಸ್ಟ್ರೇಲಿಯಾದ ಕೊನೆಯ ದಿನ ಮುಂದೆ ಇದ್ದದ್ದು ಸಿಟ್ರೊಯೆನ್ ಡಿಎಸ್‌ನಲ್ಲಿ ಲೂಸಿಯನ್ ಬಿಯಾಂಕಿ, ಟೂರ್‌ನಲ್ಲಿ ಜಿಟಿ ಗೆದ್ದ ಅದೇ ಬಿಯಾಂಕಿ. ಸಿಡ್ನಿ ಇನ್ನು 200 ಕಿ.ಮೀ. ಕೂಡ ಇರಲಿಲ್ಲ. ಪಂದ್ಯಕ್ಕೆ ಸಂಬಂಧವೇ ಇಲ್ಲದ ಒಂದು ಮಿನಿ ಎದುರಿನಿಂದ ಬಂದು ಸಿಟ್ರೊಯೆನ್‌ಗೆ ಗುದ್ದಿತು. ಬಿಯಾಂಕಿಗೆ ಪೆಟ್ಟಾಯಿತು. ಹಿಂದೆ ಬರುತ್ತಿದ್ದ ಹಿಲ್‌ಮನ್ ಹಂಟರ್ ಗೆದ್ದಿತು.